ದುಂಡು ದಿಮ್ಮಿ ಕಳಿಸುವುದಿಲ್ಲ

ಆ ಊರಿನ ಹನುಮಪ್ಪನಿಗೆ ಬಹಳ ವರ್ಷ ಹೊಸ್ತಿಲಿರಲಿಲ್ಲ. ಹೊಸ್ತಿಲಿಲ್ಲದ್ದರಿಂದ ಸಾತವ್ವನಿಗೆ ದೇವರಿದ್ದ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗಲಗಲಿಯಿಂದ ಕೆಳಗೆ ಕೃಷ್ಣೆಯ ದಂಡೆಯ ಮೇಲಿದ್ದ ಹಳೆಯ ಊರಿನಲ್ಲಿ ಹನುಮಪ್ಪನಿಗೆ ಕಲ್ಲಿನ ಗುಡಿಯಿತ್ತು. ಗುಡಿಗೆ ಬಾಗಿಲಿತ್ತು, ಬಾಗಿಲಿಗೆ ಹೊಸ್ತಿಲಿತ್ತು. ಸಾತವ್ವನ ಕೇರಿಯವರಿಗೆ ದೇವರು ಬೇಡವೆಂದು ಯಾರೂ ಎಂದೂ ಹೇಳಿದವರಲ್ಲ. ಅಷ್ಟು ಕೆಟ್ಟ ಮಾತನ್ನು ಆ ಊರಿನ ಹಿರಿಯರು ಆಡುವವರಲ್ಲ. ಹೊಸ್ತಿಲು ದಾಟಬೇಡಿ ಎಂದಷ್ಟೇ ಹೇಳುತ್ತಿದ್ದರು. ಮದುವೆಯಾಗಿ ಬಂದ ಮೊದಲ ಶನಿವಾರ ಸಾತವ್ವ ಹೊಸ್ತಿಲ ಹೊರಗೆ ತೆಂಗಿನಕಾಯಿ ಇಟ್ಟಳು. ಪೂಜಾರಿ ಅದನ್ನು ಕೋಲಿನಿಂದ ಒಳಗೆ ಉರುಳಿಸಿಕೊಂಡ. ಒಡೆದು, ಒಂದು ಹೋಳನ್ನು ಕುಳಿತಲ್ಲಿಂದಲೇ ಎಸೆದ. ಅದು ಅವಳ ಮೊಣಕಾಲಿಗೆ ಬಡಿಯಿತು. ಪ್ರಸಾದವು ಪೆಟ್ಟಾಗಿ ಬರುವುದು ಅವಳಿಗೆ ತವರಿನಲ್ಲೂ ರೂಢಿಯಿತ್ತು. ಪಕ್ಕದಲ್ಲಿದ್ದ ಅತ್ತೆ ಮಾತ್ರ ನಕ್ಕಳು.

"ನಮ್ಮ ಹನುಮಪ್ಪ ಗುರಿಗಾರ ಅದಾನವಾ" ಎಂದಳು.

ಆಮೇಲೆ ಆಲಮಟ್ಟಿಯ ಹಿನ್ನೀರು ಬಂತು. ಗುಡಿ ಮುಳುಗಿತು, ಬಾಗಿಲು ಮುಳುಗಿತು, ಹೊಸ್ತಿಲು ಮುಳುಗಿತು. ದೇವರನ್ನು ಟ್ರ್ಯಾಕ್ಟರಿನಲ್ಲಿ ಕೂಡಿಸಿ ಬೀಳಗಿ ರಸ್ತೆಯ ಹೊಸ ಊರಿಗೆ ತಂದರು. ಆ ದಿನದ ಅವಸರದಲ್ಲಿ ಯಾರು ಎತ್ತಿದರು, ಯಾರು ಮುಟ್ಟಿದರು ಎಂದು ಯಾರೂ ನೋಡಲಿಲ್ಲ. ಸರಕಾರ ಗೆರೆ ಎಳೆದು ಕೊಟ್ಟ ಜಾಗದಲ್ಲಿ ನಾಲ್ಕು ಕಂಬ ನೆಟ್ಟು ಮೇಲೆ ತಗಡು ಹೊದಿಸಿದರು. ಗೋಡೆಯಿಲ್ಲ, ಬಾಗಿಲಿಲ್ಲ. ಮೊದಲ ಶನಿವಾರ ಸಾತವ್ವ ಕಾಯಿ ಹಿಡಿದು ಬಂದಳು. ಎಲ್ಲಿ ನಿಲ್ಲಬೇಕೆಂದು ನೆಲ ನೋಡುತ್ತ ಬಂದಳು. ಪೂಜಾರಿ ತುಕಾರಾಮನೂ ನೆಲವನ್ನೇ ನೋಡುತ್ತಿದ್ದ. ಎಲ್ಲಿ ನಿಲ್ಲಿಸಬೇಕೆಂದು ಅವನಿಗೂ ತಿಳಿಯಲಿಲ್ಲ. ನೆಲ ಎಲ್ಲ ಕಡೆ ಒಂದೇ ಸಮ ಇತ್ತು. ಸಾತವ್ವ ನಡೆಯುತ್ತಲೇ ಹೋದಳು. ಕಂಬದ ಬುಡದಲ್ಲಿ ಒಕ್ಕಲು ಮನೆತನದ ವಿಧವೆ ಕೆಂಪವ್ವ ಕುಳಿತಿದ್ದಳು. ಅವಳ ಪಕ್ಕಕ್ಕೆ ಸಾತವ್ವ ಕುಳಿತಳು. ಕೆಂಪವ್ವ ಒಮ್ಮೆ ನೋಡಿದಳು. ಸೀರೆ ಸರಿಸಿಕೊಂಡಳು. ಸರಿಸಿಕೊಂಡದ್ದು ಮೈಲಿಗೆಯಾಗುತ್ತದೆಂದೋ, ಜಾಗ ಕೊಡಲೆಂದೋ, ಅವಳಿಗೇ ಗೊತ್ತಿರಲಿಲ್ಲ. ಮುಂದಿನ ಶನಿವಾರ ಇಬ್ಬರೂ ಒಂದೇ ಚೀಲದ ಎಲೆ ಅಡಿಕೆ ಹಾಕಿಕೊಂಡರು.

ಹೀಗೆ ವರ್ಷಗಳು ಹೋದವು. ಶಾಸ್ತ್ರ ಸೋಲದ ಕಡೆ ತಗಡು ಗೆದ್ದಿತ್ತು.

ಆದರೆ ಊರು ಸುಧಾರಿಸಿತು. ಕಬ್ಬು ಬೆಳೆಯಿತು. ಮಕ್ಕಳು ಸಂಬಳದ ನೌಕರಿ ಹಿಡಿದರು. ದೇವರು ತಗಡಿನ ಕೆಳಗಿರುವುದು ಊರಿಗೆ ನಾಚಿಕೆ ಎಂದು ಹಿರಿಯರಿಗೆ ಅನ್ನಿಸಿತು. ಗುಡಿ ಕಮಿಟಿ ಹುಟ್ಟಿತು. ಕಬ್ಬಿನ ಧಣಿ ಶಿವಯೋಗೆಪ್ಪ ಅದರ ಅಧ್ಯಕ್ಷನಾದ. ತಗಡಿನ ಆಚೆಗೆ, ನೀರಿನ ಟ್ಯಾಂಕಿಯನ್ನು ದಾಟಿದ ಮೇಲಿನ ಜಾಗದಲ್ಲಿ, ಕಲ್ಲಿನ ಗೋಡೆಗಳು ಎದ್ದವು. ಎರಡು ಸಾವಿರದ ಹದಿನಾಲ್ಕರ ಆರಂಭದ ಹೊತ್ತಿಗೆ ಬಾಗಿಲ ಚೌಕಟ್ಟೊಂದೇ ಬಾಕಿ ಉಳಿಯಿತು. ಆಗ ಎದ್ದ ಪ್ರಶ್ನೆ: ಯಾವ ದೇಶದ ಕಟ್ಟಿಗೆ?

ಊರಿನಲ್ಲಿ ಕಟ್ಟಿಗೆಯ ಸಂಬಂಧ ಇದ್ದದ್ದು ಒಂದೇ ಮನೆಗೆ. ಸಾತವ್ವನ ಗಂಡ ಲಗಮಪ್ಪ ಮುಧೋಳದ ಒಂದು ಕಟ್ಟಿಗೆ ಅಡ್ಡೆಯಲ್ಲಿ ಹಮಾಲ. ಬಂದರಿನಿಂದ ಲಾರಿಯಲ್ಲಿ ಬರುವ ಪರದೇಶದ ದಿಮ್ಮಿಗಳನ್ನು ಅವನೂ ಅವನ ಜೊತೆಯವರೂ ಹಗ್ಗ ಹಾಕಿ, ಸನ್ನೆಗೋಲು ಒಡ್ಡಿ ಇಳಿಸುತ್ತಿದ್ದರು. ಕೊಯ್ದ ತೊಲೆಗಳನ್ನು ಹೆಗಲ ಮೇಲೆ ಹೊರುತ್ತಿದ್ದರು. ಅವನ ಬಲ ಹೆಗಲಿನ ಮೇಲೆ ನಿಂಬೆಹಣ್ಣಿನಷ್ಟು ದಪ್ಪದ ಗಂಟು ಕಟ್ಟಿತ್ತು. ಅಂಗಿ ಹೊಲಿಯುವ ಸಿಂಪಿಗ ಅದಕ್ಕೆ ಬೇರೆ ಅಳತೆ ಹಿಡಿಯುತ್ತಿದ್ದ. ಎಡಗಾಲಿನ ಕಿರುಬೆರಳನ್ನು ಒಂದು ಬರ್ಮಾ ದಿಮ್ಮಿ ತೆಗೆದುಕೊಂಡಿತ್ತು. ಆ ದಿನ ಅಡ್ಡೆಯ ಧಣಿ ಬಂದು, ದಿಮ್ಮಿ ಬಿರಿದಿದೆಯೇ ಎಂದು ಮೊದಲು ದಿಮ್ಮಿಯನ್ನು ನೋಡಿದ.

ಸಾತವ್ವ ಅದೇ ಅಡ್ಡೆಯಲ್ಲಿ ಗರಗಸದ ಕೆಳಗೆ ಬಿದ್ದ ಹೊಟ್ಟನ್ನು ಬಳಿದು ಚೀಲ ತುಂಬುವವಳು. ಬನಹಟ್ಟಿಯಲ್ಲಿ ನೂಲಿಗೆ ಬಣ್ಣ ಹಾಕುವವರ ಒಲೆಗಳಿಗೆ ಆ ಹೊಟ್ಟು ಹೋಗುತ್ತಿತ್ತು. ದಿನವಿಡೀ ಮೂಗು ಬಾಯಿಗಳಲ್ಲಿ ಮರದ ಪುಡಿ. ಅವಳು ಸೀನಿದರೆ ಸಾಗವಾನಿಯ ವಾಸನೆ ಬರುತ್ತದೆಂದು ಲಗಮಪ್ಪ ಹೇಳುತ್ತಿದ್ದ.

ಇವರ ಮಗಳು ಸಂಘಮಿತ್ರಾ. ಜಮಖಂಡಿಯ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದಳು. ಚಿಕ್ಕವಳಿದ್ದಾಗ ಅಡ್ಡೆಯ ದಿಮ್ಮಿಗಳ ಮೇಲೆ ಕುಳಿತು ಓದಿದವಳು. ದಿಮ್ಮಿಯ ತಲೆಯ ಮೇಲಿನ ಬಣ್ಣದ ಗುರುತುಗಳು ಯಾವ ದೇಶದವು ಎಂಬ ಕುತೂಹಲವೇ ಬೆಳೆದು ಅವಳ ಎಂಫಿಲ್ ವಿಷಯವಾಯಿತು. ಬರ್ಮಾ ಮತ್ತು ಮಲೇಶಿಯಾ, ತೊಂಬತ್ತೇಳರಿಂದ ಈಚೆಗೆ, ಗಟ್ಟಿ ಮರ ಕಳಿಸಿದ್ದರಲ್ಲಿ ಯಾರು ಎಷ್ಟು, ಹೇಗೆ, ಯಾಕೆ. ಊರಿನವರು ಇದನ್ನು ಕೇಳಿ, ಇಂಥದ್ದಕ್ಕೂ ಸಂಬಳ ಕೊಡುತ್ತಾರೆಯೇ ಎಂದು ಆಶ್ಚರ್ಯಪಟ್ಟಿದ್ದರು. ಈಗ ಅದೇ ಊರಿಗೆ ಅವಳು ಬೇಕಾದಳು.

ಒಂದು ಭಾನುವಾರ ತಗಡಿನ ಕೆಳಗೆ ಕಮಿಟಿ ಸೇರಿತು. ಸಂಘಮಿತ್ರಾ ತಾಯಿಯ ಕೈಯಿಂದ ರಂಗೋಲಿ ಪುಡಿ ಇಸಿದುಕೊಂಡು ನೆಲದ ಮೇಲೆ ಎರಡು ಗೆರೆ ಎಳೆದಳು.

"ಇದು ಬರ್ಮಾರಿ. ಇದು ಮಲೇಶಿಯಾ. ಈ ತುದಿ ತೊಂಬತ್ತೇಳು, ಈ ತುದಿ ಈಗ."

ಶಿವಯೋಗೆಪ್ಪ ಕನ್ನಡಕ ಹಾಕಿಕೊಂಡು ಬಗ್ಗಿದ. "ಮಲೇಶಿಯಾದ್ದು ಇಳಕೋತ ಹೊಂಟೈತಲ್ಲ ತಂಗಿ. ಬಡತನ ಬಂತೇನ ಅವರಿಗೆ?"

"ಬಡತನ ಅಲ್ಲರಿ. ಇದು ದುಂಡ ದಿಮ್ಮಿ ಗೆರಿ. ಅವರ ದೇಶದ ಒಂದ ಭಾಗದಾಗ ದಿಮ್ಮಿ ಹೊರಗ ಕಳಸೂದು ಎಂದೋ ನಿಲ್ಲಸ್ಯಾರ. ಇನ್ನೊಂದ ಭಾಗದಾಗ ವರ್ಷಾ ವರ್ಷಾ ಕಡಿಮಿ ಮಾಡಕೋತ ಬಂದಾರ. ಮರಾ ಅಲ್ಲೇ ಕೊಯ್ದು ಹಲಗಿ ಮಾಡತಾರ, ಬಾಗಲಾ ಮಾಡತಾರ, ಕುರ್ಚಿ ಮಾಡತಾರ. ಮಾಡಿದ್ದನ್ನ ಕಳಸ್ತಾರ. ಕೂಲಿ ಅಲ್ಲೇ ಉಳೀತೈತಿ."

"ಹೊಟ್ಟೂ ಅಲ್ಲೇ ಉದರತೈತಿ ಅನ್ನ" ಎಂದಳು ಕಂಬಕ್ಕೆ ಒರಗಿದ್ದ ಸಾತವ್ವ.

"ಹೌದಬೇ. ಹೊಟ್ಟೂ ಅಲ್ಲೇ."

"ಅದಕ್ಕ ನನ್ನ ಚೀಲಾ ತುಂಬವಲ್ದು. ನಾ ಗರಗಸಾ ಹಾಳಾಗೇತಿ ಅಂತ ಮಾಡಿದ್ದೆ. ಮಲೇಶಿಯಾದವ್ರು ಮಾಡ್ಯಾರ ಈ ಕೆಲಸಾ."

ಕೆಂಪವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು.

"ಬರ್ಮಾದವ್ರು ಹಂಗಲ್ಲ" ಎಂದು ಸಂಘಮಿತ್ರಾ ಇನ್ನೊಂದು ಗೆರೆಯ ಮೇಲೆ ಬೆರಳಿಟ್ಟಳು. "ಅವರು ಇಡೀ ದಿಮ್ಮೀನ ಕಳಿಸಿದ್ರು. ಏರಿ ಇಳದು ಹೆಂಗೋ ನಡೀತಿತ್ತು. ಈಗ ಅವರೂ ಬಂದ್ ಮಾಡತೇವಿ ಅಂದಾರ. ಏಪ್ರಿಲ್ ಒಂದರಿಂದ ದುಂಡ ದಿಮ್ಮಿ ಇಲ್ಲ. ಬಂದ್ ಆಗತೈತಿ ಅಂತ ಗೊತ್ತಾದ ಕೂಡಲೆ ಎಲ್ಲಾರೂ ಬಡಕೊಂಡು ಸಾಗಸಾಕತ್ತಾರ. ಅದಕ್ಕ ಗೆರಿ ತುದೀಗೆ ಬಂದು ಹಾರೇತಿ ನೋಡ್ರಿ."

"ಹಂಗಾರ ಅಡವಿ ಮಂದೀಗೆ ಛಲೋ ಆತು" ಎಂದ ಯಾರೋ ಒಬ್ಬ.

"ಅಡವಿ ಮಂದೀಗೆ ಎರಡೂ ಕಡೆ ಏನೂ ಇಲ್ಲರಿ. ಅವರನ್ನ ಬದಿಗೆ ಸರಿಸಿನ ಮರಾ ಕಡದದ್ದು."

"ನಮ್ಮಂಗ" ಎಂದಳು ಕೆಂಪವ್ವ. ಮುಳುಗಿದ ಊರು ಒಂದು ಕ್ಷಣ ಎಲ್ಲರ ಕಣ್ಣಿಗೆ ಬಂತು. ಆಗ ಅಲ್ಲಿ ಎಲ್ಲರೂ ಒಂದೇ ಜಾತಿಯವರಾಗಿದ್ದರು. ಆ ಕ್ಷಣ ಬಹಳ ಹೊತ್ತು ಬಾಳಲಿಲ್ಲ. ತುಕಾರಾಮ ಕೆಮ್ಮಿದ.

"ಅದೆಲ್ಲಾ ಇರಲಿ ತಂಗಿ. ಕಡಿಯವ್ರು ಎಂಥಾ ಮಂದಿ? ದೇವರ ಬಾಗಲಾ, ನೋಡಬೇಕಾಗತೈತಿ."

"ಮಲೇಶಿಯಾದಾಗ ಬಹಳ ಮಂದಿ ಮುಸ್ಲಿಮರು. ಬರ್ಮಾದಾಗ ಬೌದ್ಧರು."

 ಬಿಲ್ಲು ಬಾಣ ಹಿಡಿಯದೆ ಎರಡು ದೇಶಗಳು ಒಂದೇ ಏಟಿಗೆ ಬಿದ್ದುಹೋಗಿದ್ದವು.

"ಬೌದ್ಧರಂದ್ರ" ಎಂದು ಶಿವಯೋಗೆಪ್ಪ ಮೆಲ್ಲಗೆ ಕೇಳಿದ, "ನಿಮ್ಮವರಲ್ಲ?"

"ಹೌದ್ರಿ. ನಮ್ಮವರ."

ಶಿವಯೋಗೆಪ್ಪ ಬಹಳ ಹೊತ್ತು ಯೋಚಿಸಿದ. ಅವನು ಕೆಟ್ಟವನಲ್ಲ. ಕೆಟ್ಟವನಾಗದೆ ಕೆಟ್ಟದ್ದು ಮಾಡುವ ದಾರಿ ಹುಡುಕುವುದರಲ್ಲಿ ಪಳಗಿದವನು. ಕೊನೆಗೆ ಮುಖ ಅರಳಿತು.

"ಬರ್ಮಾದಾಗ ದಿಮ್ಮಿ ಎಳಿಯೂದು ಆನಿ ಅಲ್ಲೇನ?"

"ಅಡವ್ಯಾಗ ಆನೀನ ಎಳೀತಾವರಿ."

"ಮುಗೀತಲ್ಲ. ಗಣಪ್ಪ ಸೊಂಡಿ ಹಚ್ಚಿದ ಕಟಗಿ. ಯಾರ ಕಡದಿದ್ದರೂ ಶುದ್ಧ ಆತು. ಬರ್ಮಾನ ಆಗಲಿ. ಕಿಟಕಿಗೆ ಬೇಕಾರ ಮಲೇಶಿಯಾದ್ದು ಹಾಕೂಣು. ಕಿಟಕ್ಯಾಗ ಯಾರೂ ಹಾಯಂಗಿಲ್ಲ."

ಬದಿಯಲ್ಲಿ ಕುಳಿತಿದ್ದ ಲಗಮಪ್ಪ ತಲೆ ಕೆರೆದುಕೊಂಡ. "ಆನಿ ಹಡಗದಾಗ ಕುಂತ ಬಂದಿಲ್ಲರಿ ಯಜಮಾನ್ರ. ಮುಧೋಳದಾಗ ಲಾರಿಯಿಂದ ಇಳಸೂ ಆನಿ ನಾನ."

ಎಲ್ಲರೂ ನಕ್ಕರು. ಶಿವಯೋಗೆಪ್ಪನೂ ನಕ್ಕ. "ನೀನೂ ಆನೀನ ಬಿಡೋ ಲಗಮ್ಯಾ."

ನಗು ಇನ್ನೂ ಇಳಿದಿರಲಿಲ್ಲ. ಸಂಘಮಿತ್ರಾ ಕೇಳಿದಳು: "ಬಾಗಲಾ ಆತರಿ. ಹೊಸ್ತಲಾ?"

"ಬಾಗಲಾ ಅಂದಮ್ಯಾಲೆ ಹೊಸ್ತಲಾ ಇರತೈತಲ್ಲ ತಂಗಿ."

"ಯಾರು ದಾಟೂದು, ಯಾರು ಬ್ಯಾಡ?"

ಶಿವಯೋಗೆಪ್ಪ ಕನ್ನಡಕ ತೆಗೆದು ಒರೆಸಿದ. ದನಿ ಬೆಣ್ಣೆಯಂತಿತ್ತು. "ಅದನ್ನ ಕೇಳೂದೇನೈತಿ. ಹಳೇ ಊರಾಗ ಹೆಂಗ ನಡೀತಿತ್ತೋ ಹಂಗ. ಹೊರಗ ಛಲೋ ಕಟ್ಟಿ ಕಟ್ಟಸ್ತೇವಿ. ಮ್ಯಾಲೆ ನೆರಳೂ ಮಾಡಸ್ತೇವಿ. ನಿಮ್ಮ ಅವ್ವ ಆರಾಮ ಕುಂಡ್ರಲಿ."

ಸಾತವ್ವ ಕೆಂಪವ್ವನ ಕಡೆ ನೋಡಿದಳು. ಕೆಂಪವ್ವ ರಂಗೋಲಿಯ ಗೆರೆಗಳನ್ನು ನೋಡುತ್ತಿದ್ದಳು.

ಆ ಸಂಜೆ ಮನೆಯಲ್ಲಿ ಹೊಟ್ಟಿನ ಒಲೆಯ ಮುಂದೆ ಮಾತಾಯಿತು. ಗೋಡೆಯ ಮೇಲೆ ಬುದ್ಧನ ಪಟವಿತ್ತು, ಬಾಬಾಸಾಹೇಬರ ಪಟವಿತ್ತು. ಸಂಘಮಿತ್ರಾ ತಾಯಿಯನ್ನು ತರಾಟೆಗೆ ತೆಗೆದುಕೊಂಡಳು.

"ಆ ಗುಡಿ ಯಾಕ ಬೇಕಬೇ ನಿನಗ? ಮನಿಯಾಗ ಇವರು ಅದಾರ. ಸಾಕಾಗಂಗಿಲ್ಲೇನ?"

"ಮನಿಯಾಗ ಇವರು, ಶನಿವಾರ ಅವನು. ಇಷ್ಟ ವರ್ಷ ಇಬ್ಬರೂ ಜಗಳಾ ಆಡಿಲ್ಲ. ನೀ ಯಾಕ ಹಚ್ಚತಿ?"

"ಬ್ಯಾಡ ಅಂತ ಬಿಟ್ಟ ಬಿಡಬಾರದ?"

ಸಾತವ್ವ ಒಲೆಯೊಳಗಿನ ಹೊಟ್ಟನ್ನು ಕಡ್ಡಿಯಿಂದ ಕೆದಕಿದಳು. "ಬಿಡತೇನಿ. ಬ್ಯಾಡ ಅನ್ನೂದು ನಂದಿರಬೇಕು ಮಗಳ. ಅವರದಲ್ಲ."

 ಕಾಯಿದೆಯಿದೆ, ದೂರು ಕೊಡೋಣ ಎಂದಳು ಮಗಳು. ಪೊಲೀಸರು ಬಂದ ದಿನ ಒಳಗೆ ಬಿಡುತ್ತಾರೆ, ಮರುದಿನ ಪೊಲೀಸರಿರುವುದಿಲ್ಲ, ದೂರು ಕೊಡುವುದಾದರೆ ಬೇಡವೆನ್ನುವುದಿಲ್ಲ, ಅದೊಂದರಿಂದಲೇ ಆಗುವುದಿಲ್ಲ, ಎಂದಳು ತಾಯಿ. ಲಗಮಪ್ಪ ಹೆಗಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ. ಆ ಚೌಕಟ್ಟನ್ನು ಹೊತ್ತು ತರುವವನು ಅವನೇ. ತನ್ನ ಹೆಂಡತಿಯನ್ನು ಹೊರಗೆ ಹಾಕುವ ಮರವನ್ನು ತನ್ನ ಹೆಗಲ ಮೇಲೆಯೇ ತರಬೇಕು. ಲೋಕದಲ್ಲಿ ಅನ್ಯಾಯಗಳು ಬಹಳ. ಅನ್ಯಾಯಕ್ಕೆ ಒಳಗಾಗುವವನ ಕೈಯಿಂದಲೇ ಅದರ ಸಾಮಾನು ಹೊರಿಸುವುದು ಮಾತ್ರ ನಮ್ಮ ಊರುಗಳ ಸ್ವಂತ ಕಸುಬು.

ಸಾತವ್ವ ಒಲೆ ನೋಡುತ್ತಲೇ ಕೇಳಿದಳು. "ಆ ಮಲೇಶಿಯಾದವ್ರು ಏನಂದ್ರು ಅಂದಿ? ಇನ್ನೊಮ್ಮೆ ಹೇಳ."

"ದುಂಡ ದಿಮ್ಮಿ ಕಳಸಂಗಿಲ್ಲ. ಬೇಕಾದ್ರ ಪೂರಾ ಮಾಡಿದ ಮಾಲು ತುಗೋರಿ ಅಂದ್ರು."

"ಯಾರೂ ಸಿಟ್ಟಾಗಲಿಲ್ಲ?"

"ಕೊಳ್ಳವರು ಸಿಟ್ಟಾದ್ರು. ಆದ್ರ ಮರಾ ಬೇಕಾಗಿತ್ತು. ತುಗೊಂಡ್ರು."

"ಹೂಂ" ಎಂದಳು ಸಾತವ್ವ.  ರೊಟ್ಟಿ ಬಡಿಯುವ ಸದ್ದು ಮಾತ್ರ ಅಂದು ಎಂದಿಗಿಂತ ಜೋರಾಗಿತ್ತು.

ಚೌಕಟ್ಟು ಮುಧೋಳದಲ್ಲೇ ತಯಾರಾಯಿತು. ದಪ್ಪ ಬರ್ಮಾ ಸಾಗವಾನಿ. ಮೇಲಿನ ಪಟ್ಟಿಗೆ ಹಂಸಗಳ ಸಾಲು, ಎರಡು ಬದಿಗೆ ಬಳ್ಳಿ, ಕೆಳಗೆ ಮೊಣಕಾಲೆತ್ತರದ ಹೊಸ್ತಿಲು. ಇಷ್ಟು ಎತ್ತರದ ಹೊಸ್ತಿಲು ಯಾಕೆಂದು ಬಡಿಗ ಕೇಳಿದ್ದ. ಎದ್ದು ಕಾಣಬೇಕು ಎಂದು ಕಮಿಟಿ ಹೇಳಿತ್ತು. ಕೂಡಿಸುವ ದಿನ ಲಾರಿ ನೀರಿನ ಟ್ಯಾಂಕಿಯ ತನಕ ಬಂತು. ಅಲ್ಲಿಂದ ಮುಂದೆ ಲಾರಿಗೆ ದಾರಿಯಿಲ್ಲ. ಒಂದು ಬದಿಗೆ ಟ್ಯಾಂಕಿಯ ಕಂಬ, ಇನ್ನೊಂದು ಬದಿಗೆ ಗುಡಿಗೆ ತಂದ ಕಲ್ಲುಗಳ ಗುಡ್ಡೆ, ನಡುವೆ ಒಂದು ಎತ್ತಿನ ಗಾಡಿ ಹಾಯುವಷ್ಟು ಸಂದು. ಲಗಮಪ್ಪ, ಅವನ ಜೊತೆಯ ಹಮಾಲ ಶಿವಾಜಿ, ಮತ್ತೆ ಅಡ್ಡೆಯ ಉಳಿದ ಹಮಾಲರು ಚೌಕಟ್ಟನ್ನು ಇಳಿಸಿ ನೆಟ್ಟಗೆ ನಿಲ್ಲಿಸಿ ಹಿಡಿದರು. ಮೈಯೆಲ್ಲ ಬೆವರು.

ಇಲ್ಲಿ ತುಕಾರಾಮ ಒಂದು ತಪ್ಪು ಮಾಡಿದ. ಮುಹೂರ್ತ ಜಾರುತ್ತಿದೆ ಎಂದು ಅವಸರಪಟ್ಟು, ಗೋಡೆಯ ಹತ್ತಿರ ಮಾಡಬೇಕಾದ ಪೂಜೆಯನ್ನು ಲಾರಿಯ ಹತ್ತಿರವೇ ಮಾಡಿಬಿಟ್ಟ. ಅರಿಶಿಣ ಬಳಿದ, ಕುಂಕುಮ ಇಟ್ಟ, ಮಾವಿನ ತೋರಣ ಕಟ್ಟಿದ. ಪೂಜೆಗೆ ಮೊದಲು ಒದ್ದೆ ಅರಿವೆಯಿಂದ ಮರ ಒರೆಸಿದ. ಎಲ್ಲ ಕಡೆ ಒರೆಸಲಿಲ್ಲ. ಲಗಮಪ್ಪನ ಹೆಗಲು ತಾಗಿ ಬೆವರಿನ ಕಲೆಯಾದ ಜಾಗಗಳನ್ನು ಹುಡುಕಿ ಹುಡುಕಿ ಒರೆಸಿದ. ಲಗಮಪ್ಪ ಇನ್ನೂ ಅದನ್ನು ಹಿಡಿದೇ ನಿಂತಿದ್ದ. ಅವನ ಕಣ್ಣಿಗೆ ಒಂದು ಗೇಣು ದೂರದಲ್ಲಿ ಆ ಅರಿವೆ ಓಡಾಡಿತು. ಒರೆಸಿದ ಮೇಲೆ ತುಕಾರಾಮ ಅದನ್ನು ಎರಡು ಬೆರಳಲ್ಲಿ ಹಿಡಿದು ಕಲ್ಲಿನ ಆಚೆ ಒಗೆದ.

"ಈಗ ನೀವು ಬಿಡ್ರಿ. ಹಿಂದ ಸರೀರಿ. ಇನ್ನ ನಮ್ಮ ಹುಡುಗರು ಒಯ್ತಾರ."

ಹಮಾಲರು ಬಿಟ್ಟರು. ಊರಿನ ಹುಡುಗರು ಬಂದು ಹಿಡಿದರು. ಒಬ್ಬ ಬ್ಯಾಂಕಿನವನು, ಒಬ್ಬ ಮಾಸ್ತರ, ಒಬ್ಬ ವಿಮೆಯವನು, ಇನ್ನೊಬ್ಬನಿಗೆ ತಹಸೀಲ ಕಚೇರಿ. ಎಲ್ಲರಿಗೂ ಇಸ್ತ್ರಿ ಮಾಡಿದ ಬಿಳಿ ಅಂಗಿ. ಎತ್ತಿದರು. ಚೌಕಟ್ಟು ಎದ್ದಿತು, ಓಲಾಡಿತು, ಸಂದಿನ ತನಕ ಹೋಯಿತು, ಅಲ್ಲಿ ಕೂತುಬಿಟ್ಟಿತು. ವಿಮೆಯವನ ಅಂಗಿ ಬಗಲಿನಿಂದ ಸೊಂಟದವರೆಗೆ ಹರಿಯಿತು.

"ಅದಕ್ಕ ವಿಮಾ ಮಾಡಿಸಿಯೇನಪಾ?" ಎಂದು ಶಿವಾಜಿ ಕೇಳಿದ.

ಮತ್ತೆ ಎತ್ತಿದರು. ಕದಲಲಿಲ್ಲ. ಮಲಗಿಸಿ ಎಳೆಯೋಣ ಎಂದ ಮಾಸ್ತರ. ತುಕಾರಾಮ ಹೌಹಾರಿದ. ಅರಿಶಿಣ ಕಂಡ ಚೌಕಟ್ಟನ್ನು ನೆಲಕ್ಕೆ ಮಲಗಿಸಿದರೆ ಹೆಣ ಮಲಗಿಸಿದಂತೆ, ಊರಿಗೇ ಕೇಡು. ನಿಂತದ್ದು ನಿಂತೇ ಗೋಡೆ ಸೇರಬೇಕು. ಹೀಗೆ ಪೂಜೆಯಾದ ಚೌಕಟ್ಟನ್ನು ಮಲಗಿಸುವಂತಿಲ್ಲ. ಎತ್ತಬಲ್ಲವರು ಮುಟ್ಟುವಂತಿಲ್ಲ. ಮುಟ್ಟಬಹುದಾದವರು ಎತ್ತಲಾರರು. ಧರ್ಮವು ಸಂದಿನಲ್ಲಿ ಸಿಕ್ಕಿಬಿತ್ತು. ಬೀಳದಂತೆ ಹಿಡಿಯಲು ಜನ ಸಾಲದೆ ಶಿವಯೋಗೆಪ್ಪನೇ ಬಂದು ಒಂದು ಬದಿಗೆ ಹೆಗಲು ಕೊಟ್ಟ.

ಹಮಾಲರು ಕಲ್ಲಿನ ಗುಡ್ಡೆಯ ಬುಡದಲ್ಲಿ ಕುಳಿತು ಶೇಂಗಾ ಸುಲಿಯತೊಡಗಿದರು. ಸಾತವ್ವನೂ ಬಂದು ಕುಳಿತಳು.

ಅಷ್ಟರಲ್ಲಿ ಸಂಜೆಯಾಯಿತು. ಆ ಸಂದು ಊರಿನ ಹಾದಿ. ಆಚೆಗೆ ನಳ, ಈಚೆಗೆ ಮನೆಗಳು. ಸಾಲಿ ಬಿಟ್ಟ ಹುಡುಗಿಯರು ಬಂದು, ಹಾಯಲು ಬೇರೆ ದಾರಿಯಿಲ್ಲದೆ, ದೇವರ ಬಾಗಿಲಿನೊಳಗೆ ಜಿಗಿದು ಹೋದರು. ಕೊಡ ಹೊತ್ತ ಹೆಂಗಸರು ಬಂದರು. ಅವರಲ್ಲಿ ಸಾತವ್ವನ ಕೇರಿಯವರೂ ಇದ್ದರು. ತುಂಬಿದ ಕೊಡದ ಹೆಂಗಸರನ್ನು ಹೊರಟಲ್ಲೇ ನಿಲ್ಲಿಸುವ ಶಾಸ್ತ್ರ ಇನ್ನೂ ಬರೆದಿರಲಿಲ್ಲ. ಹಾಲಿನ ಕ್ಯಾನಿನ ಸೈಕಲ್ಲೊಂದು ಹೊಸ್ತಿಲಿನ ಮೇಲೆ ಎತ್ತಿಳಿಸಿಕೊಂಡು ಹೋಯಿತು. ಕಡೆಗೆ ಕೆಂಪವ್ವನ ಎಮ್ಮೆ ಬಂತು.

"ಏ ಕೆಂಪವ್ವಾ, ಎಮ್ಮಿ ಹಿಡಿ" ಎಂದ ಶಿವಯೋಗೆಪ್ಪ, ಹೆಗಲು ಬಿಡಲಾರದೆ.

"ಅದಕ್ಕ ಮನಿ ಹಾದಿ ಗೊತ್ತೈತಿ, ನನ್ನ ಮಾತು ಕೇಳಂಗಿಲ್ಲ" ಎಂದಳು ಕೆಂಪವ್ವ. ಎಮ್ಮೆ ಶಿವಯೋಗೆಪ್ಪನನ್ನು ಮೂಸಿತು. ಮುಂಗಾಲು ಎತ್ತಿಟ್ಟಿತು, ಹಿಂಗಾಲು ಎತ್ತಿಟ್ಟಿತು, ತೋರಣದ ಒಂದು ಎಲೆ ಕಿತ್ತು ಮೆಲ್ಲುತ್ತ ದಾಟಿತು.

"ಈಗ ಎಮ್ಮಿ ಒಳಗ ಹೋತೋ, ಹೊರಗ ಬಂತೋ?" ಎಂದು ಲಗಮಪ್ಪ ಗಂಭೀರವಾಗಿ ಕೇಳಿದ.

 ಶಿವಯೋಗೆಪ್ಪ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸಿದ. ಕುತ್ತಿಗೆಯ ನರ ಉಬ್ಬಿತ್ತು. ಹೆಗಲಿನ ಮೇಲಿನ ಬಿಳಿ ಅಂಗಿ ತೊಯ್ದು ಮರಕ್ಕೆ ಬೆವರಿನ ಕಲೆ ಹತ್ತಿತ್ತು. ಅದನ್ನು ಒರೆಸಲು ಯಾರೂ ಅರಿವೆ ತರಲಿಲ್ಲ.

"ಲಗಮಣ್ಣ" ಎಂದ. ಆ ಊರಿನಲ್ಲಿ ಆ ಹೆಸರಿಗೆ ಅಣ್ಣ ಸೇರಿದ್ದು ಅದೇ ಮೊದಲು. "ಬಾರೋ. ಗ್ವಾಡಿ ತನಕಾ ತಂದ ಕೊಡ. ಆಮ್ಯಾಲೆ ಗೋಮೂತ್ರ ಚಿಮಕಸ್ತೇವಿ, ನಡೀತೈತಿ."

ಲಗಮಪ್ಪ ಎದ್ದ. ಮೂವತ್ತು ವರ್ಷ ಧಣಿಗಳ ದನಿಗೆ ಎದ್ದ ಕಾಲುಗಳು, ತಾವಾಗಿಯೇ ಎದ್ದವು. ಸಾತವ್ವ ಅವನ ಧೋತರದ ಚುಂಗು ಹಿಡಿದಳು.

"ಕುಂಡ್ರ."

ಅವನು ಕುಳಿತ. ಅವಳು ಎದ್ದಳು. ಸೆರಗಿನ ಶೇಂಗಾ ಸಿಪ್ಪೆ ಕೊಡವಿದಳು.

"ಬಂದ್ ಆಗೇತ್ರಿ ಯಜಮಾನ್ರ."

"ಏನ ಬಂದ್ ಆಗೇತಿ?"

"ದುಂಡ ದಿಮ್ಮಿ. ನೀವು ಅವತ್ತ ಕೇಳಲಿಲ್ಲ? ಮಲೇಶಿಯಾದವ್ರು ನಿಲ್ಲಸ್ಯಾರ, ಬರ್ಮಾದವ್ರೂ ನಿಲ್ಲಸ್ತಾರ. ನಾವು ಹಿಂದ ಉಳದೇವಿ. ಇವತ್ತಿನಿಂದ ನಾವೂ ಹೆಗಲ ಒಂದ ಬಿಡಿಯಾಗಿ ಕಳಸಂಗಿಲ್ಲ."

ಬ್ಯಾಂಕಿನವನು ಸಿಡುಕಿದ. "ಕೂಲಿ ಜಾಸ್ತಿ ಬೇಕೇನ? ಬಾಯಿ ಬಿಟ್ಟ ಹೇಳ."

"ಕೂಲಿ ಮಾತಲ್ಲಪಾ. ಮಾಲಿನ ಮಾತು. ಇವತ್ತಿನ ತನಕಾ ನೀವು ಹೆಗಲ ತುಗೊಂಡ್ರಿ, ಮನಷ್ಯಾನ್ನ ಹೊರಗ ಒಗದ್ರಿ. ಹೊಟ್ಟ ಒಗದಂಗ. ಇನ್ನ ಮ್ಯಾಲೆ ಹೆಗಲ ಬೇಕಂದ್ರ ಅದರ ಕೂಡ ಕಾಲೂ ಬರತಾವು. ಬಾಯೂ ಬರತೈತಿ. ಹೇಣ್ತಿನೂ ಬರತಾಳ. ಪೂರಾ ಮನಷ್ಯಾ. ಬ್ಯಾಡಂದ್ರ ಬಿಡ್ರಿ, ನಾವೇನ ಒತ್ತಾಯ ಮಾಡಂಗಿಲ್ಲ."

"ನಿನಗ ಭಾಳ ಸೊಕ್ಕ ಬಂತು" ಎಂದ ತುಕಾರಾಮ. "ಹಳೇ ಊರಾಗ ಹಿಂಗ ಮಾತಾಡತಿದ್ದೇನ?"

"ಹಳೇ ಊರಾಗ ಹೋಗಿ ಕೇಳ ಬಾ. ನೀರಾಗ ಮುಳಗಬೇಕು, ಉಸರ ಹಿಡದಿರತಿಯೇನ ನೋಡ."

ಚೌಕಟ್ಟು ಒಂದು ಬದಿಗೆ ವಾಲಿತು. ಶಿವಯೋಗೆಪ್ಪ ಹಲ್ಲು ಕಚ್ಚಿದ. ಆಚೆ ಬದಿಯಲ್ಲಿ ಆರತಿ ತಟ್ಟೆ ಹಿಡಿದು ಊರಿನ ಹೆಂಗಸರು ನಿಂತಿದ್ದರು. ಎಮ್ಮೆಯನ್ನು ಮನೆಯಲ್ಲಿ ಕಟ್ಟಿ, ಮತ್ತೆ ಸಂದು ದಾಟಿ ಅವರ ನಡುವೆ ನಿಂತಿದ್ದ ಕೆಂಪವ್ವ ಮುಂದೆ ಬಂದಳು. ಹೊಸ್ತಿಲಿನ ಆಚೆ ನಿಂತು ಮಾತಾಡಿದಳು. ಅವಳು ಗಂಡಸರೆದುರು ದನಿಯೆತ್ತಿದ್ದನ್ನು ಯಾರೂ ಕೇಳಿರಲಿಲ್ಲ.

"ಯೋಗೆಪ್ಪಾ, ನನಗ ಆಕಿ ಬಾಜೂಕ ಕುಂತ ರೂಢಿ ಬಿದ್ದೈತಿ. ಆಕಿ ಹೊರಗ ಕುಂತರ ನಾನೂ ಹೊರಗ. ಒಳಗ ಒಬ್ಬಾಕಿ ಕುಂತ ಏನ ಮಾಡಲಿ, ನಿನ್ನ ಮುಖಾ ನೋಡಕೋತ?"

ಆರತಿಯ ಹೆಂಗಸರಲ್ಲಿ ಇನ್ನಿಬ್ಬರು ತಟ್ಟೆ ಕೆಳಗಿಟ್ಟರು.  ಎಣ್ಣೆ ದೀಪ ಗಾಳಿಗೆ ಆರಿತು.

"ಆತು" ಎಂದ ಶಿವಯೋಗೆಪ್ಪ.

"ಏನ ಆತರಿ?" ಎಂದಳು ಸಾತವ್ವ.

"ಬರ್ರಿ."

"ಎಲ್ಲಿಗೆ?"

ಚೌಕಟ್ಟು ಅವನ ಹೆಗಲ ಮೇಲೆ ಇನ್ನಷ್ಟು ಒರಗಿತು. ಮಗಳ ವಯಸ್ಸಿನವರು, ಕೂಲಿಯವರು, ಬಿಳಿ ಅಂಗಿಯವರು, ಎಲ್ಲರೂ ಅವನ ಬಾಯಿ ನೋಡುತ್ತಿದ್ದರು.

"ಒಳಗ" ಎಂದ. "ಇವತ್ತೂ. ದಿನಾನೂ. ಇನ್ನ ಎತ್ತರೋ ಮಾರಾಯ್ರ, ನಾ ಸಾಯ್ತೇನಿ."

ಸಾತವ್ವ ಅವಸರ ಮಾಡಲಿಲ್ಲ. ಸೀರೆಯ ನೆರಿಗೆ ಎತ್ತಿ ಹಿಡಿದಳು. ಬಲಗಾಲು ಮೊದಲಿಟ್ಟು ಹೊಸ್ತಿಲು ದಾಟಿ ಕೆಂಪವ್ವನ ಪಕ್ಕಕ್ಕೆ ಹೋದಳು. ಆ ಹೊತ್ತಿಡೀ ಕಮಿಟಿಯ ಅಧ್ಯಕ್ಷ ಅವಳಿಗೆ ಬಾಗಿಲು ಹಿಡಿದು ನಿಂತಿದ್ದ. ಆಮೇಲೆ ಲಗಮಪ್ಪ ಎದ್ದ. ಹಮಾಲರು ಎದ್ದರು. ಚೌಕಟ್ಟಿನ ಒಳಗೆ ತಲೆ ತೂರಿಸಿ, ಎರಡೂ ಬದಿಗೆ ಹೆಗಲು ಕೊಟ್ಟು, ಒಂದು ಕೂಗು ಹಾಕಿದರು. ಬರ್ಮಾದ ಮರ ಬೆಕ್ಕಿನ ಮರಿಯಂತೆ ಎದ್ದಿತು. ಅದಕ್ಕೂ ಮುಂದಾಗಿ ಸಾತವ್ವನೂ ಕೆಂಪವ್ವನೂ ನಡೆದು, ಇನ್ನೂ ಬಾಗಿಲಿಲ್ಲದ ಗುಡಿಯ ಒಳಗೆ ಹೋಗಿ ಕುಳಿತರು.

ಗೋಡೆಯ ಸಂದಿಯಲ್ಲಿ ಚೌಕಟ್ಟು ಕೂಡಿಸುವಾಗ ಅರ್ಧ ಜನ ಒಳಗಿರಬೇಕು, ಅರ್ಧ ಜನ ಹೊರಗಿರಬೇಕು. ಒಳಗಿನಿಂದ ಎಳೆಯುವುದೇ ಗಟ್ಟಿ ಕೆಲಸ. ಲಗಮಪ್ಪನೂ ಶಿವಾಜಿಯೂ ಒಳಗಿನಿಂದ ಎಳೆದರು. ಬಿಳಿ ಅಂಗಿಯವರು ಹೊರಗಿನಿಂದ ಆನಿಸಿ ಹಿಡಿದರು. ಬಡಿಗ ಬೆಣೆ ಹೊಡೆದ. ಗೌಂಡಿ ಗಾರೆ ತುಂಬಿದ. ಮರ ನಿಂತಿತು. ಎಲ್ಲರೂ ಕೈ ಬಿಟ್ಟರು.

ಕೈ ಬಿಟ್ಟ ಮೇಲೆ ನೋಡಿದರೆ ಹೀಗಿತ್ತು. ಒಳಗೆ ಲಗಮಪ್ಪ, ಶಿವಾಜಿ, ಹಮಾಲರು. ಅವರ ಹಿಂದೆ ನೆಲದ ಮೇಲೆ ಕಾಲು ಚಾಚಿ ಕುಳಿತ ಸಾತವ್ವ, ಅವಳ ಪಕ್ಕದಲ್ಲಿ ಕೆಂಪವ್ವ. ಹೊರಗೆ ಕಮಿಟಿ. ನಡುವೆ ಮೊಣಕಾಲೆತ್ತರದ ಹೊಸ್ತಿಲು. ಒಳಗೆ ಕಾಲಿಟ್ಟರೆ ಇವರ ನಡುವೆ ನಿಲ್ಲಬೇಕು. ಇಡದಿದ್ದರೆ ಹೊರಗೇ ನಿಲ್ಲಬೇಕು. ಶಿವಯೋಗೆಪ್ಪ ಹೊಸ್ತಿಲನ್ನು ನೋಡಿದ. ಹಿಂದೆ ನಿಂತವರನ್ನು ನೋಡಿದ. ಅಲುಗಲಿಲ್ಲ.

ಸಾತವ್ವ ಕೆಂಪವ್ವನ ಕಡೆಗೆ ಸ್ವಲ್ಪ ಸರಿದು ಜಾಗ ಮಾಡಿದಳು.

"ಬರ್ರಿ ಯಜಮಾನ್ರ" ಎಂದಳು. "ಇಲ್ಲಿ ಬ್ಯಾಡ ಅನ್ನವರು ಯಾರೂ ಇಲ್ಲ."